ಕೆಂಪು ಗೆರೆಯಿಲ್ಲದ ಕಾಗದ

ನಾನು ಕೆಲಸ ಬಿಟ್ಟ ದಿನ ಕಚೇರಿಯವರು ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿದರು. ನಿವೃತ್ತರಿಗೆ ಮಾಡುವುದನ್ನೆಲ್ಲ ಮಾಡಿದ್ದರಿಂದ ನಾನೂ ಅದನ್ನು ನಿವೃತ್ತಿ ಎಂದೇ ಕರೆಯುತ್ತೇನೆ. ನನ್ನ ವಯಸ್ಸು ಗೊತ್ತಿದ್ದವರು ನಗುತ್ತಾರೆ. ಯಾಕೆ ಬಿಟ್ಟೆ ಎಂಬುದು ನನ್ನ ಮನೆಯ ವಿಷಯ. ಅಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಮಾತ್ರ ಬರೆಯುತ್ತೇನೆ. ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಕಳೆದ ವಾರ ಫೋನ್ ಮಾಡಿ, "ಅಕ್ಕಾರ, ಆ ಡಿಕ್ಷನರಿ ಫೈಲ್ ಒಂದು ಕಂಪ್ಯೂಟರಿಂದ ಇನ್ನೊಂದಕ್ಕ ಹೆಂಗ ಒಯ್ಯೂದ್ರಿ?" ಎಂದು ಕೇಳಿದರು. ಹೇಳಿದೆ. ಐದು ನಿಮಿಷದ ಮಾತು. ಆದರೆ ಆ ಫೈಲಿನ ಜೊತೆ ಬರುವ ಉಳಿದ ಸಂಗತಿಗಳನ್ನು ಫೋನಿನಲ್ಲಿ ಹೇಳುವುದು ನನಗೆ ಒಗ್ಗುವುದಿಲ್ಲ.

ನಮ್ಮದು ಧಾರವಾಡದಲ್ಲಿ ಅನುವಾದ ಮತ್ತು ಟೈಪಿಂಗ್ ಮಾಡುವ ಸಣ್ಣ ಕಚೇರಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲಿ ನಡೆದ ದಾವೆಗಳು ಮೇಲ್ಮನವಿಗೆ ಹೋಗುವಾಗ ಅವುಗಳ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ, ಅಂದವಾಗಿ ಟೈಪ್ ಮಾಡಿ, ವಕೀಲರಿಗೆ ಒಪ್ಪಿಸುವುದು ಕೆಲಸ. ಇಂಗ್ಲಿಷ್ ಎಂ.ಎ. ಮುಗಿಸಿದ ನಾನು ಅನುವಾದಕಿಯ ಕೆಲಸ ಎಂದು ಸೇರಿದೆ. ಮೊದಲ ವರ್ಷವೆಲ್ಲ ಬಣವೆ, ಹಿತ್ತಲು, ದನದ ಕೊಟ್ಟಿಗೆ ಮತ್ತು ಪಾಲಿಗೆ ಬಂದ ಅರ್ಧ ಬಾವಿಗಳನ್ನು ಅನುವಾದಿಸಿದೆ. ಸಾಹಿತ್ಯಕ್ಕಿಂತ ಇದು ಸುಲಭವಲ್ಲ. ಅರ್ಧ ಬಾವಿಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ.

ಕಚೇರಿಯ ಮಾಲೀಕರು ಚನ್ನಬಸಪ್ಪನವರು. ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರ ಮನೆಯವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಗಿರಾಕಿಯ ಮುಖ ಓದಲು ಚೆನ್ನಾಗಿ ಬರುತ್ತಿತ್ತು. ಅರಳೆ ಅಂಗಡಿಯಲ್ಲಿ ಗಿರಾಕಿ ಮಾಲನ್ನು ಕೈಯಲ್ಲಿ ಹಿಡಿದು ನೋಡುವಂತೆ ಇಲ್ಲಿಯೂ ನೋಡಬೇಕು ಎಂದು ಅವರು ಪ್ರತಿ ಕಂಪ್ಯೂಟರಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದರು. ಅದನ್ನು ಬಾಜು ಕುರ್ಚಿ ಎನ್ನುತ್ತಿದ್ದೆವು. ದಾವೆದಾರರು ಬಂದು ಅದರಲ್ಲಿ ಕುಳಿತು ತಮ್ಮ ಕಾಗದ ತಯಾರಾಗುವುದನ್ನು ನೋಡಬಹುದಿತ್ತು. ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ನೋಡುತ್ತಿದ್ದರು.

ನಾನು ಸೇರಿದ ಹೊಸತರಲ್ಲಿ ಹೆಬ್ಬಳ್ಳಿಯ ಹಿರಿಯರೊಬ್ಬರು ನನ್ನ ಬಾಜು ಕುರ್ಚಿಯಲ್ಲಿ ಕುಳಿತರು. ಟೈಪ್ ಮಾಡುತ್ತಾ ಹೋದಂತೆ ಅವರ ಹೆಸರು ಬಂದಲ್ಲೆಲ್ಲ ಕೆಳಗೆ ಕೆಂಪು ಗೆರೆ ಮೂಡುತ್ತಿತ್ತು. ಪ್ರೋಗ್ರಾಂಗೆ ಗೊತ್ತಿಲ್ಲದ ಪದವನ್ನೆಲ್ಲ ಅದು ತಪ್ಪೆಂದೇ ತಿಳಿಯುತ್ತದೆ. ಸ್ವಲ್ಪ ಹೊತ್ತು ನೋಡಿ ಅವರು ಕೇಳಿದರು.

"ಏನ್ರೀ ಬಾಯಾರ, ಎದುರುಗಾರನ ಹೆಸರಿಗೆ ಗೆರಿ ಇಲ್ಲ. ನನ್ನ ಹೆಸರಿಗಷ್ಟ ಯಾಕ ಹೊಡೀತೈತಿ ಇದು?"

ಎದುರುಗಾರರು ಪಾಟೀಲರು. ಆ ಹೆಸರನ್ನು ಹಿಂದೆ ಯಾರೋ ಪ್ರೋಗ್ರಾಂನ ಖಾಸಗಿ ನಿಘಂಟಿಗೆ ಸೇರಿಸಿದ್ದರು. ಹೀಗೆಂದು ವಿವರಿಸಿದೆ.

"ಅಂದ್ರ ಅವ್ರು ಮೊದಲ ಬಂದು ಹೇಳಿ ಹೋಗ್ಯಾರ."

"ಹಂಗಲ್ಲರೀ."

"ಹಂಗ ಐತಿ ಬಿಡ್ರಿ. ಕೋರ್ಟಿನ್ಯಾಗ ಇನ್ನೂ ತೀರ್ಪ ಆಗಿಲ್ಲ, ನಿಮ್ಮ ಮಷೀನ ಆಗಲೇ ಕೊಟ್ಟ ಬಿಟ್ಟೈತಿ!"

ಅವರು ಎದ್ದು ಚನ್ನಬಸಪ್ಪನವರ ಟೇಬಲ್ಲಿಗೇ ಹೋದರು. ಮರುದಿನದಿಂದ ಹೊಸ ನಿಯಮ ಜಾರಿಯಾಯಿತು: ಗಿರಾಕಿ ಬಾಜು ಕುರ್ಚಿಗೆ ಬರುವ ಮೊದಲೇ ಅವನ ಹೆಸರು, ಊರು, ಅಪ್ಪ, ಅಜ್ಜ, ದಾಯಾದಿಗಳು, ಎಲ್ಲರೂ ನಿಘಂಟಿನಲ್ಲಿ ಇರಬೇಕು. "ಕೆಂಪು ಗೆರಿ ಅಂದ್ರ ಗಿರಾಕಿ ತಲ್ಯಾಗ ಹುಳ ಬಿಟ್ಟಂಗ," ಎಂದರು ಚನ್ನಬಸಪ್ಪನವರು. "ಒಂದೂ ಕಾಣಬಾರದು."

ಈ ನಿಯಮದಿಂದ ನಮ್ಮ ನಿಘಂಟು ಬೆಳೆಯಿತು. ಜಿಲ್ಲೆಯ ಊರುಗಳು, ಮನೆತನದ ಹೆಸರುಗಳು, ಹೊಲಗಳಿಗೆ ಜನ ಇಟ್ಟುಕೊಂಡ ಹೆಸರುಗಳು, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಅದರೊಳಗೆ ಸೇರಿದವು. ಬೇಡದ್ದೂ ಸೇರಿತು. ನನ್ನ ಪಕ್ಕದ ಟೇಬಲ್ಲಿನ ರೇಣುಕಾ ವೇಗದ ಟೈಪಿಸ್ಟ್. ಗೆರೆ ಕಂಡಲ್ಲೆಲ್ಲ 'ಸೇರಿಸು' ಒತ್ತುವುದರಲ್ಲೂ ಅವಳದು ಅದೇ ವೇಗ. ಹೀಗಾಗಿ ಅವಳ ಅವಸರದ ತಪ್ಪುಗಳೂ ಖಾಯಂ ಆದವು. ವಾದಿ ಎಂಬರ್ಥದ ಇಂಗ್ಲಿಷ್ ಪದ ಒಂದು ಅಕ್ಷರ ಕಳೆದುಕೊಂಡು ಹಲವು ತಿಂಗಳು ನಮ್ಮ ಕಚೇರಿಯಿಂದ ಗೌರವದಿಂದ ಹೊರಗೆ ಹೋಯಿತು. ಒಬ್ಬ ವಕೀಲರು, "ಇದು ನಿಮ್ಮ ಕಚೇರಿಯ ಪದ್ಧತೀನ?" ಎಂದು ವಿನಯದಿಂದಲೇ ಕೇಳಿದರು. ಅವರು ವ್ಯಂಗ್ಯ ಮಾಡುತ್ತಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಕಸಿವಿಸಿಯಾಯಿತು.

ಟೈಪಾದ ಕಾಗದ ಹೊರಗೆ ಹೋಗುವ ಮೊದಲು ಬಾಬುಸಾಬ್ ಕಾಕಾ ಅವರ ಬಳಿ ಹೋಗುತ್ತಿತ್ತು. ಅವರದು ಕೊನೆಯ ನೋಟ. ತೆರೆಯ ಮೇಲೆ ಓದಿ, ಪ್ರಿಂಟ್ ತೆಗೆದು, ಪ್ರತಿ ಪುಟದ ಕೆಳಗೆ ಚಿಕ್ಕ ಸಹಿ ಹಾಕುತ್ತಿದ್ದರು. ಆ ಸಹಿ ನೋಡಿ ವಕೀಲರು ಮತ್ತೆ ಓದುತ್ತಿರಲಿಲ್ಲ. ಕಾಕಾ ಹುಬ್ಬಳ್ಳಿಯವರು. ಪ್ರಾಯದಲ್ಲಿ ಕೋರ್ಟಿನ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು. ಚನ್ನಬಸಪ್ಪನವರು ಕಚೇರಿ ತೆರೆದಾಗ ಮೊದಲು ಕರೆತಂದದ್ದು ಅವರನ್ನೇ. ಇಬ್ಬರೂ ಏಕವಚನದ ಗೆಳೆಯರು.

"ಟೈಪ್‌ರೈಟರ್ ಮರ್ಯಾದಸ್ತ ಇತ್ತು ಬೇಟಾ," ಎನ್ನುತ್ತಿದ್ದರು ಕಾಕಾ. "ನಮ್ಮ ತಪ್ಪು ಯಾರ ಮುಂದೂ ಹೇಳ್ತಿದ್ದಿಲ್ಲ. ಈ ಕಂಪ್ಯೂಟರ್ ಚಾಡಿಖೋರ. ಗಿರಾಕಿ ಮುಂದ ಗೆರಿ ಎಳದು ತೋರಸ್ತೈತಿ."

ನಾನು ಕಚೇರಿಯಲ್ಲಿ ಮಾತನಾಡುತ್ತಿದ್ದುದು ಕಡಿಮೆ. ಕಾಕಾ ಎರಡೂ ಪಾಲು ಮಾತನಾಡುತ್ತಿದ್ದರು. ಆ ವರ್ಷ ಅವರು ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರತೊಡಗಿದ್ದರು. ಕೇಳಿದರೆ, "ಗಾಡಿ ಸರ್ವಿಸಿಗೆ ಬಿಟ್ಟೇನಿ," ಎನ್ನುತ್ತಿದ್ದರು. ಮಳೆಗಾಲ ಮುಗಿದರೂ ಆ ಸರ್ವಿಸ್ ಮುಗಿಯಲಿಲ್ಲ. ನಾವು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಆಗ ಹೊಸ ಕಂಪ್ಯೂಟರುಗಳು ಬಂದವು. ಅವುಗಳಲ್ಲಿ ನಮ್ಮ ಹಳೆಯ ಪ್ರೋಗ್ರಾಂ ಇರಲಿಲ್ಲ. ಉಚಿತವಾಗಿ ಸಿಗುವ ಬೇರೊಂದು ಇತ್ತು. ತೆರೆದು ಹಳೆಯ ಕಾಗದವೊಂದನ್ನು ನೋಡಿದರೆ ಪುಟವಿಡೀ ಕೆಂಪು. ರೇಣುಕಾ, "ಅಯ್ಯ, ಇದೇನ್ರೀ, ಕುಂಕುಮ ಚೆಲ್ಲಿಧಂಗ ಐತಲ್ಲ!" ಎಂದಳು. ನಿಘಂಟನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ ನನಗೆ ಬಂತು. ಕಂಪ್ಯೂಟರ್ ಓದಿದವಳಲ್ಲ ಎಂದೆ. "ಎಂ.ಎ. ಮಾಡೀರಲ್ಲ," ಎಂದರು ಚನ್ನಬಸಪ್ಪನವರು.

ಹೊಸದಾಗಿ ಬಂದವರಿಗೆ ಉಪಯೋಗವಾಗುವುದು ಇಷ್ಟು. ಖಾಸಗಿ ನಿಘಂಟು ಎಂದರೆ ಒಂದು ಸಾದಾ ಪಠ್ಯದ ಫೈಲು, ಸಾಲಿಗೊಂದು ಪದ. ನಕಲು ಮಾಡಿ ಹೊಸ ಕಂಪ್ಯೂಟರಿಗೆ ಹಾಕಿದರೆ ಸಾಕು ಎನಿಸುತ್ತದೆ. ಸಾಲದು. ಹೊಸ ಪ್ರೋಗ್ರಾಂ ಆ ಫೈಲಿನ ತಲೆಯಲ್ಲಿ ತನ್ನದೇ ಕೆಲವು ಸಾಲುಗಳನ್ನು ಬಯಸುತ್ತದೆ: ಇದು ನಿಘಂಟು, ಇದು ಇಂಥ ಭಾಷೆಯದು ಎಂಬಂಥವು. ಆ ಸಾಲುಗಳಿಲ್ಲದಿದ್ದರೆ ಫೈಲನ್ನು ಒಪ್ಪುವುದಿಲ್ಲ, ಒಪ್ಪಿಲ್ಲವೆಂದು ಹೇಳುವುದೂ ಇಲ್ಲ. ಆದ್ದರಿಂದ ಮೊದಲು ಹೊಸ ಪ್ರೋಗ್ರಾಂನಲ್ಲೇ ಒಂದು ಖಾಲಿ ನಿಘಂಟು ಮಾಡಿ, ಅದರ ಫೈಲು ತೆರೆದು, ತಲೆಯ ಸಾಲುಗಳನ್ನು ಮುಟ್ಟದೆ ಕೆಳಗೆ ನಿಮ್ಮ ಪದಗಳನ್ನು ಅಂಟಿಸಿ. ಭಾಷೆ ಕೇಳಿದಾಗ 'ಎಲ್ಲ ಭಾಷೆ' ಎಂದು ಆರಿಸಿ. ಇಲ್ಲದಿದ್ದರೆ ಭಾರತದ ಇಂಗ್ಲಿಷಿನಲ್ಲಿ ಸರಿಯಾದ ಮನುಷ್ಯ ಅಮೆರಿಕದ ಇಂಗ್ಲಿಷಿನಲ್ಲಿ ತಪ್ಪಾಗುತ್ತಾನೆ. ಫೈಲು ಬದಲಿಸುವಾಗ ಪ್ರೋಗ್ರಾಂ ಮುಚ್ಚಿರಲಿ. ತೆರೆದಿದ್ದರೆ ಅದು ಮುಚ್ಚುವಾಗ ನಿಮ್ಮ ಕೆಲಸದ ಮೇಲೆ ತನ್ನ ಹಳೆಯದನ್ನೇ ಬರೆದುಬಿಡಬಹುದು. ನನಗೆ ಎರಡು ಸಲ ಹಾಗಾಯಿತು. ಎರಡನೆಯ ಸಲ ಕಾರಣ ತಿಳಿಯಿತು.

ಸಾಗಿಸುವ ಮೊದಲು ನಿಘಂಟನ್ನು ಪೂರ್ತಿ ಓದಿ. ನಾನು ಓದಿ ರೇಣುಕಾಳ ಕೊಡುಗೆಗಳನ್ನು ತೆಗೆದೆ. "ನಂದ ಎಲ್ಲಾ ತಗದ್ರೇನ್ರೀ?" ಎಂದು ಅವಳು ಸ್ವಲ್ಪ ನೊಂದುಕೊಂಡಳು.

ಕೊನೆಗೆ ಪರೀಕ್ಷೆ. ಅದಕ್ಕೆ ನನ್ನದು ಸರಳ ಉಪಾಯ: ನಿಘಂಟಿನ ಎಲ್ಲ ಪದಗಳನ್ನೂ ಒಂದು ಖಾಲಿ ಪುಟಕ್ಕೆ ಸುರಿಯುವುದು. ಯಾವುದಕ್ಕೂ ಗೆರೆ ಬರದಿದ್ದರೆ ಎಲ್ಲವೂ ಬಂದು ತಲುಪಿದೆ ಎಂದರ್ಥ. ಒಂದು ಮಧ್ಯಾಹ್ನ ಕಾಕಾ ನಮಾಜಿಗೆ ಹೋಗಿದ್ದಾಗ ಅವರ ಹೊಸ ಕಂಪ್ಯೂಟರಿನಲ್ಲಿ ಹೀಗೆ ಮಾಡಿದೆ. ಪುಟದಿಂದ ಪುಟಕ್ಕೆ ಬರೀ ಹೆಸರುಗಳು, ಇಂಗ್ಲಿಷ್ ಅಕ್ಷರಗಳ ಅನುಕ್ರಮದಲ್ಲಿ, ಒಂದರ ಮುಂದೊಂದು. ಒಂದೂ ಗೆರೆ ಇರಲಿಲ್ಲ. ಸಮಾಧಾನವಾಯಿತು. ಪುಟವನ್ನು ಹಾಗೆಯೇ ಬಿಟ್ಟು ಊಟದ ಡಬ್ಬಿ ತೊಳೆಯಲು ಹೋದೆ.

ಬಂದಾಗ ಪ್ರಿಂಟರ್ ಓಡುತ್ತಿತ್ತು. ಕಾಕಾ ಹಾಳೆಗಳನ್ನು ಜೋಡಿಸಿಕೊಂಡು ಪ್ರತಿಯೊಂದರ ಕೆಳಗೂ ಸಹಿ ಹಾಕುತ್ತಿದ್ದರು.

"ಯಾರದ ಬೇಟಾ ಈ ಕಾಗದ? ಉದ್ದ ಐತಿ. ಛಲೋ ಟೈಪ್ ಮಾಡ್ಯಾರ, ಒಂದೂ ತಪ್ಪಿಲ್ಲ. ವಕೀಲರಿಗೆ ಕಳಸಿ ಬಿಡು."

ಹಾಳೆಗಳನ್ನು ತೆಗೆದುಕೊಂಡೆ. ಮೊದಲ ಪುಟದಲ್ಲಿ ಅಡಿವೆಪ್ಪ, ಅಕ್ಕವ್ವ, ಅಮ್ಮಿನಬಾವಿ. ಕೆಳಗೆ ಕಾಕಾ ಅವರ ಸಹಿ.

"ಆತು ಕಾಕಾ," ಎಂದೆ.

ರೇಣುಕಾ ಇಣುಕಿ, "ಏನದು?" ಎಂದಳು. ಟೆಸ್ಟ್ ಪ್ರಿಂಟ್ ಎಂದೆ. ಅದು ಸುಳ್ಳಾಗಿರಲಿಲ್ಲ. ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಕಾಕಾ ಎಲ್ಲರಿಗಿಂತ ಮೊದಲು ಬಂದಿದ್ದರು. ನಾನು ಕುಳಿತ ಮೇಲೆ ನನ್ನ ಬಾಜು ಕುರ್ಚಿಗೆ ಬಂದು ಕುಳಿತರು.

"ನಿನ್ನಿ ಆ ಕಾಗದ ಯಾವ ವಕೀಲರಿಗೂ ಹೋಗಿಲ್ಲಂತ. ಕೇಳಿದ್ನಿ."

"ನನ್ನ ಚೀಲದಾಗ ಐತಿ ಕಾಕಾ."

"ಏನದು?"

"ನಮ್ಮ ಡಿಕ್ಷನರಿ."

"ಪೂರಾ?"

"ಕಡೀತನಾ."

"ತಪ್ಪಿರಲಿಲ್ಲಲ್ಲ?"

"ಒಂದೂ ಇರಲಿಲ್ಲ."

ಅವರು ನಕ್ಕರು. ನಗು ನಿಂತ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. "ಅಕ್ಷರ ಎಲ್ಲಾ ಇರುವಿ ಹರದಾಡಿಧಂಗ ಕಾಣ್ತಾವ. ಕೆಂಪು ಬಣ್ಣ ಇನ್ನೂ ಕಾಣ್ತೈತಿ. ಎಲ್ಲಿ ಕೆಂಪು ಕಂಡಿತು ಅಲ್ಲಿ ದೊಡ್ಡದು ಮಾಡಿ ನೋಡತೇನಿ, ತಿದ್ದತೇನಿ. ಕಾಣಲಿಲ್ಲ ಅಂದ್ರ ಸಹಿ." ಡಾಕ್ಟರರು ಕಣ್ಣಿಗೆ ಸೂಜಿ ಹಾಕುತ್ತಿದ್ದರಂತೆ. ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದಿದ್ದರಂತೆ.

"ಮನ್ಯಾಗ ಇರ್ರಲ್ಲ ಕಾಕಾ."

"ಇಲ್ಲಿ ಕುಂತ್ರ ನನಗ ಕಣ್ಣು ಕಡಿಮಿ ಅದಾವ. ಮನ್ಯಾಗ ಕುಂತ್ರ ನಾ ಕುರುಡ." ಕನ್ನಡಕ ಮತ್ತೆ ಹಾಕಿಕೊಂಡರು. "ಚನ್ನಬಸಪ್ಪಗ ಹೇಳ್ತೀಯೇನು?"

"ನಾ ಹೇಳೂದಿಲ್ಲ. ನೀವ ಹೇಳಬೇಕು."

"ಹೇಳತೇನಿ. ಈ ವಾರ ಆಗಲಿ."

ಆ ವಾರ ಚನ್ನಬಸಪ್ಪನವರ ಮನೆಯಲ್ಲಿ ಮದುವೆ ಇತ್ತು. ಮುಂದಿನ ವಾರ ಅವರಿಗೆ ನೆಗಡಿ. ಅದರ ಮುಂದಿನ ವಾರ ಕಾಕಾ ಅವರಿಗೆ ನೆಗಡಿ. ಆ ದಿನಗಳಲ್ಲಿ ಪ್ರತಿ ಕಾಗದವೂ ಕಾಕಾ ಅವರಿಗೆ ಹೋಗುವ ಮೊದಲು ನನ್ನ ಕಣ್ಣಿನ ಕೆಳಗೆ ಹೋಗುವಂತೆ ನೋಡಿಕೊಂಡೆ. ಯಾಕೆಂದು ಯಾರೂ ಕೇಳಲಿಲ್ಲ. ನಾನು ಹಾಗೆ ಎರಡೆರಡು ಸಲ ನೋಡುವವಳೆಂಬ ಹೆಸರು ಮೊದಲೇ ಇತ್ತು. ಆದರೆ ಅದಕ್ಕೂ ಹಿಂದೆ ಸಹಿಯಾಗಿ ಹೋದ ಕಾಗದಗಳು ಹೋಗಿಬಿಟ್ಟಿದ್ದವು. ಗೆರೆ ಬರುವುದು ಗೊತ್ತಿಲ್ಲದ ಪದಕ್ಕೆ. ಪೂರ್ವದ ಜಾಗದಲ್ಲಿ ಪಶ್ಚಿಮ ಬಂದರೆ, ಅಣ್ಣನ ಜಾಗದಲ್ಲಿ ತಮ್ಮ ಬಂದರೆ ಪ್ರೋಗ್ರಾಂ ಸುಮ್ಮನಿರುತ್ತದೆ. ಕಾಕಾ ಅವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ.

ಕೊನೆಗೆ ಕಾಕಾ ಅವರ ಬಾಯಿ ಬಿಡಿಸಿದ್ದು ನಾನಲ್ಲ. ಹೊಸ ಕಂಪ್ಯೂಟರುಗಳನ್ನು ಕೂಡಿಸಲು ಬಂದ ಮೆಕ್ಯಾನಿಕ್ ಒಬ್ಬ ಹೋಗುವ ಮುನ್ನ ಚನ್ನಬಸಪ್ಪನವರಿಗೆ ಒಂದು ಗುಂಡಿ ತೋರಿಸಿದ್ದ. ಅದನ್ನು ಒತ್ತಿದರೆ ತಪ್ಪು ಇರಲಿ ಬಿಡಲಿ, ಕೆಂಪು ಗೆರೆಗಳೇ ಕಾಣಿಸುವುದಿಲ್ಲ. ಇಷ್ಟು ವರ್ಷ ಒಂದೊಂದೇ ಹೆಸರು ಸೇರಿಸಿ ನಾವು ಮಾಡಿದ್ದನ್ನು ಅದು ಒಂದೇ ಏಟಿಗೆ ಮಾಡುತ್ತಿತ್ತು. ಚನ್ನಬಸಪ್ಪನವರು ಬಹಳ ಖುಷಿಯಾದರು. ಪ್ರತಿ ಟೇಬಲ್ಲಿಗೂ ತಾವೇ ಬಂದು ಗುಂಡಿ ಒತ್ತತೊಡಗಿದರು.

"ಇಷ್ಟ ಸರಳ ಇತ್ತಂತ! ಮೇಡಂ, ನೀವು ಸುಮ್ಮನ ತ್ರಾಸ ತಗೊಂಡ್ರಿ."

ಹೌದೆಂದೆ.

ಅವರು ಕಾಕಾ ಅವರ ಟೇಬಲ್ಲಿಗೆ ಬಂದಾಗ ಬಾಜು ಕುರ್ಚಿಯಲ್ಲಿ ಕೆಲಗೇರಿಯ ಪಾರ್ವತೆವ್ವ ಕುಳಿತಿದ್ದರು. ಅವರ ಮನೆಯ ಜಾಗದ ದಾವೆಯ ಕಾಗದ ಅಂದು ಹೋಗಬೇಕಿತ್ತು. ಚನ್ನಬಸಪ್ಪನವರು ಮೌಸಿಗೆ ಕೈ ಹಾಕಿದರು. ಕಾಕಾ ಅದರ ಮೇಲೆ ತಮ್ಮ ಕೈ ಇಟ್ಟರು.

"ನಂದು ಬ್ಯಾಡ, ಚನ್ನಬಸಪ್ಪ."

"ಯಾಕಪಾ?"

"ಗೆರಿ ಹೋದ್ರ ನನಗ ಏನೂ ಕಾಣಂಗಿಲ್ಲ."

"ಗೆರಿ ಹೋದ್ರ ಅಕ್ಷರ ಇನ್ನೂ ಸ್ವಚ್ಛ ಕಾಣ್ತಾವೋ."

"ಅಕ್ಷರ ಕಾಣಂಗಿಲ್ಲ ಮಾರಾಯ. ಹೋದ ರಮಜಾನದಿಂದ ಕಾಣವಲ್ವು."

ಚನ್ನಬಸಪ್ಪನವರು ಮೌಸ್ ಬಿಟ್ಟರು. "ಹಂಗಾರ ಇಷ್ಟು ದಿನಾ ಕೊನೀ ನೋಟ ಯಾರು ನೋಡ್ಯಾರ?"

"ಇದ," ಎಂದು ಕಾಕಾ ಕಂಪ್ಯೂಟರ್ ತೋರಿಸಿದರು.

ಚನ್ನಬಸಪ್ಪನವರು ಕೂಗಾಡುತ್ತಾರೆ ಎಂದುಕೊಂಡಿದ್ದೆವು. ಕೂಗಾಡಲಿಲ್ಲ. ನಿಂತಲ್ಲೇ ನಿಂತು, "ಬಾಬುಸಾಬ, ಆ ಕಾಗದ ಎಲ್ಲಾ ನನ್ನ ಹೆಸರಿನ ಮ್ಯಾಲ ಹೋಗ್ಯಾವೋ," ಎಂದರು. "ಜನರ ಮನಿ, ಹೊಲ ಅದಾವ ಅದರಾಗ." ಆಮೇಲೆ ರೇಣುಕಾಳ ಕಡೆ ತಿರುಗಿ, ಹೋದ ರಮಜಾನಿನಿಂದ ಈಚೆಗೆ ಹೋದ ಕಾಗದಗಳ ಪ್ರತಿಗಳನ್ನೆಲ್ಲ ತೆಗೆದಿಡಲು ಹೇಳಿದರು. ಮತ್ತೆ ಕಾಕಾ ಅವರ ಕಡೆ ನೋಡದೆಯೇ ಹೇಳಿದರು. "ನಾಳಿಂದ ನೀ ಬರಬ್ಯಾಡ."

ಕಾಕಾ ಡ್ರಾಯರ್ ತೆಗೆದು ಮಾತ್ರೆಯ ಡಬ್ಬಿ, ಟೋಪಿ, ಪೆನ್ನುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಕೈ ತಡವರಿಸುತ್ತಿತ್ತು. ಆಗ ನನಗೆ ಕಂಡಿತು, ಅವರು ಡ್ರಾಯರಿನಲ್ಲಿಯೂ ನೋಡಿ ಹುಡುಕುತ್ತಿರಲಿಲ್ಲ, ಮುಟ್ಟಿ ಹುಡುಕುತ್ತಿದ್ದರು.

ನಾನು ಎದ್ದು ನಿಂತೆ. ಅಷ್ಟು ಜನರೆದುರು ಮಾತನಾಡಿದ ಅಭ್ಯಾಸ ನನಗಿರಲಿಲ್ಲ. ಧ್ವನಿ ಯಾವ ಎತ್ತರದಲ್ಲಿ ಬರುತ್ತದೆಂದೂ ಗೊತ್ತಿರಲಿಲ್ಲ.

"ನಾ ಓದತೇನ್ರಿ," ಎಂದೆ.

"ಏನ್ ಓದತೀರಿ?"

"ಇಂಗ್ಲಿಷ್ ಕಾಗದ ನಾ ಬಾಯಿ ಮಾಡಿ ಓದತೇನಿ. ಕಾಕಾ ಕೇಳತಾರ. ಕಿವಿ ಛಲೋ ಅದಾವ ಅವರದು."

"ಕಿವಿಲೆ ತಪ್ಪು ಹೆಂಗ ಹಿಡೀತಾರ?"

"ಕೋರ್ಟಿನ ಮುಂದ ನಾವು ಹಂಗ ಮಾಡ್ತಿದ್ವಿ," ಎಂದರು ಕಾಕಾ, ಡ್ರಾಯರಿನಿಂದ ತಲೆ ಎತ್ತದೆ. "ಒಬ್ಬ ಓದಾವ, ಒಬ್ಬ ಕೇಳಾವ. ಓದಾವ್ರು ಸಿಗದಂಗ ಆದ್ರು, ಬಿಟ್ವಿ."

ಚನ್ನಬಸಪ್ಪನವರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಗಿರಾಕಿ ಎದುರಿಗೆ ಕುಳಿತಿದ್ದರು. ಕಾಗದ ಅಂದೇ ಹೋಗಬೇಕಿತ್ತು. "ಇದೊಂದು ಓದ್ರಿ ನೋಡೂಣು," ಎಂದು ಪಾರ್ವತೆವ್ವನವರ ಕಾಗದ ತೋರಿಸಿದರು.

ಬೆಳಿಗ್ಗೆ ನಾನೇ ಅದನ್ನು ಕಣ್ಣಿನಿಂದ ಓದಿ ಸರಿಯೆಂದಿದ್ದೆ. ಈಗ ಬಾಯಿಯಿಂದ ಓದತೊಡಗಿದೆ. ಕಾಕಾ ಕಣ್ಣು ಮುಚ್ಚಿದರು. ಪಾರ್ವತೆವ್ವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ತಮ್ಮ ಹೆಸರು ಬಂದಲ್ಲೆಲ್ಲ "ಹೂಂ, ನಾನ," ಎನ್ನುತ್ತಿದ್ದರು. ಹಾಗೆ ಹಲವು ಸಲ ಎಂದರು. ರೇಣುಕಾ ನಗು ತಡೆಯಲು ಪ್ರಿಂಟರಿನ ಹಿಂದೆ ಹೋದಳು.

ಜಾಗದ ಗಡಿಗಳು ಬಂದವು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಕೆರೆಗೆ ಹೋಗುವ ದಾರಿ, ದಕ್ಷಿಣಕ್ಕೆ ಮಠದ ಖುಲ್ಲಾ ಜಾಗ. ನಾನು ಮುಂದಿನ ಪ್ಯಾರಾಕ್ಕೆ ಹೋದೆ.

"ತಡಿ," ಎಂದರು ಕಾಕಾ. "ಮೂರ ದಿಕ್ಕ ಆದುವು."

"ನಮ್ಮ ಹುಸೇನಿ ಮನಿ ಬರಲೇ ಇಲ್ಲಲ್ಲವಾ!" ಎಂದರು ಪಾರ್ವತೆವ್ವ. "ಎಲ್ಲಾರ ಹೆಸರೂ ಬಂದ್ವು. ಅವನ ಗ್ವಾಡಿ ಸಂಬಂಧನ ಇಷ್ಟೆಲ್ಲಾ ನಡದದ್ದು. ಅವನ್ನ ಎಲ್ಲಿ ಬಿಟ್ರಿ?"

ಮೂಲ ತೆಗೆದು ನೋಡಿದೆ. ಉತ್ತರಕ್ಕೆ ಹುಸೇನಿಯ ಮನೆ ಎಂಬ ಸಾಲು ಮೂಲದಲ್ಲಿ ಇತ್ತು, ಟೈಪಾಗಿರಲಿಲ್ಲ. ಇಲ್ಲದ ಸಾಲಿಗೆ ಯಾವ ಪ್ರೋಗ್ರಾಂ ಗೆರೆ ಎಳೆಯುತ್ತದೆ? ಸಾಲನ್ನು ಸೇರಿಸಿದೆ. ಆ ಭಾಗವನ್ನು ಮೊದಲಿನಿಂದ ಮತ್ತೆ ಓದಿದೆ. ನಾಲ್ಕೂ ದಿಕ್ಕು ಬಂದವು. ಕಾಕಾ ತಲೆ ಆಡಿಸಿದರು. ಪಾರ್ವತೆವ್ವ, "ಹಾಂ, ಈಗ ನಮ್ಮ ಮನಿ ಆತು," ಎಂದರು.

ಚನ್ನಬಸಪ್ಪನವರು ಇಷ್ಟು ಹೊತ್ತೂ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. ಮೇಜಿನ ಮೇಲಿದ್ದ ಕಾಕಾ ಅವರ ಮಾತ್ರೆಯ ಡಬ್ಬಿಯನ್ನು ಎತ್ತಿ ಡ್ರಾಯರಿನಲ್ಲಿಟ್ಟರು. ಟೋಪಿಯನ್ನೂ ಇಟ್ಟರು. ಪೆನ್ನುಗಳನ್ನು ಮಾತ್ರ ನನ್ನ ಕಡೆ ಸರಿಸಿದರು.

"ಸಹಿ ಇವರು ಮಾಡ್ಲಿ," ಎಂದರು. "ಹಳೀ ಕಾಗದ ಎಲ್ಲಾ ಇಬ್ರೂ ಕೂಡಿ ಮತ್ತೊಮ್ಮಿ ಓದ್ರಿ. ತಪ್ಪು ಸಿಕ್ಕಲ್ಲಿ ವಕೀಲರಿಗೆ ನಾನ ಹೋಗಿ ಹೇಳತೇನಿ."

ಕಾಕಾ ಆಗಲೆಂದರು. ನಾನೂ ಆಗಲೆಂದೆ.

ಚನ್ನಬಸಪ್ಪನವರು ತಮ್ಮ ಟೇಬಲ್ಲಿಗೆ ಹೊರಟವರು ಬಾಗಿಲ ಹತ್ತಿರ ನಿಂತು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಜನರನ್ನು ನೋಡಿದರು. ಅವರೆಲ್ಲ ಒಳಗೆ ಕಿವಿಗೊಟ್ಟು ಕುಳಿತಿದ್ದರು.

"ಮೇಡಂ," ಎಂದರು ತಿರುಗಿ, "ಸ್ವಲ್ಪ ಜೋರಾಗಿ ಓದ್ರಿ. ಹೊರಗಿನವ್ರಿಗೂ ಕೇಳಲಿ. ಒಳಗ ಏನೋ ಕೆಲಸ ನಡದೈತಿ ಅಂತ ಗೊತ್ತಾಗ್ತೈತಿ."

ನಾನು ಜೋರಾಗಿ ಓದಿದೆ.